ಬೊರಿವಲಿಯ ಕಾಡಿನಲ್ಲಿ ನೂರು ಕಿಲೋಮೀಟರ್

ಮುಂಬಯಿಯ ಬೊರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮುಖ್ಯ ದ್ವಾರದಿಂದ ಕನ್ಹೇರಿಯ ಬೌದ್ಧ ಗುಹೆಗಳ ಬುಡಕ್ಕೆ ಸುಮಾರು ಆರು ಕಿಲೋಮೀಟರ್. ಹೋಗಿ ಬಂದರೆ ಹನ್ನೆರಡು. ಒಂದೇ ದಿನದಲ್ಲಿ ಸೈಕಲ್ ಮೇಲೆ ನೂರು ಆಗಬೇಕಾದರೆ ಎಂಟು ಸಲ ಹೋಗಿಬಂದು ಮೇಲೆ ಒಂದಿಷ್ಟು ಚಿಲ್ಲರೆ ತುಳಿಯಬೇಕು. ಲೆಕ್ಕ ನನ್ನ ಭಾವನದು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಚಿಲ್ಲರೆ ಬಿಡುವವರಲ್ಲ.

ಮೊದಲಿನ ಯೋಜನೆ ಬೇರೆಯೇ ಇತ್ತು. ಕಾಂದಿವಲಿಯ ಅವರ ಮನೆಯಿಂದ ಅಹಮದಾಬಾದ್ ಹೆದ್ದಾರಿ ಹಿಡಿದು ಐವತ್ತು ಕಿಲೋಮೀಟರ್ ಹೋಗುವುದು, ಮರಳುವುದು. ಅಕ್ಕ ಬೇಡವೆನ್ನಲಿಲ್ಲ. "ಹೋಗಿ. ಹೋಗುವ ಮುಂಚೆ ಇಬ್ಬರೂ ವಿಮೆಯ ಕಾಗದ ಎಲ್ಲಿದೆ ಎಂದು ಹೇಳಿ ಹೋಗಿ" ಎಂದಳು, ಅಷ್ಟೆ. ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಹೆದ್ದಾರಿಯ ಮಾತು ಬಿದ್ದುಹೋಗಿತ್ತು.

ಆಗ ಭಾವ ಅಮ್ಯಾಂಡ ಕೋಕರ್‌ಳ ಕಥೆ ತೆಗೆದರು. ಅಮೆರಿಕದ ಫ್ಲಾರಿಡಾದವಳು. 2011ರಲ್ಲಿ ತಂದೆಯೊಡನೆ ಸೈಕಲ್ ತುಳಿಯುತ್ತಿದ್ದಾಗ ಕಾರು ಗುದ್ದಿ ಇಬ್ಬರೂ ತೀವ್ರವಾಗಿ ಗಾಯಗೊಂಡರು. ಚೇತರಿಸಿಕೊಂಡ ಮೇಲೆ ಅವಳು 2016ರ ಮೇ ತಿಂಗಳಿಂದ ಒಂದು ವರ್ಷ ದಿನವೂ ಸೈಕಲ್ ತುಳಿದು 1,39,326 ಕಿಲೋಮೀಟರ್ ಪೂರೈಸಿದಳು. ಬಹುಪಾಲು ತುಳಿದದ್ದು ಟ್ಯಾಂಪಾ ನಗರದ ಬಳಿಯ ಫ್ಲಾಟ್‌ವುಡ್ಸ್ ಪಾರ್ಕಿನಲ್ಲಿ, ಸುಮಾರು ಹನ್ನೊಂದು ಕಿಲೋಮೀಟರಿನ ಒಂದೇ ವೃತ್ತದಲ್ಲಿ. ದಿನದ ಸರಾಸರಿ ಸುಮಾರು 382 ಕಿಲೋಮೀಟರ್. ಇಂಗ್ಲೆಂಡಿನ ಟಾಮಿ ಗಾಡ್ವಿನ್ 1939ರಲ್ಲಿ ಒಂದು ವರ್ಷಕ್ಕೆ 75,065 ಮೈಲಿ (ಸುಮಾರು 1,20,800 ಕಿಲೋಮೀಟರ್) ತುಳಿದ ದಾಖಲೆ ಏಳು ದಶಕ ದಾಟಿ ಉಳಿದಿತ್ತು. ಅವನು ಊರೂರು ಸುತ್ತಿದ್ದ, ಇವಳು ಊರು ಬಿಡಲೇ ಇಲ್ಲ. "ಅವಳ ಒಂದು ದಿನವೆಂದರೆ ನಮ್ಮ ಕನ್ಹೇರಿ ರಸ್ತೆಯಲ್ಲಿ ಮೂವತ್ತೆರಡು ಸಲ ಹೋಗಿಬರುವುದು. ನಾವು ಅದರ ಕಾಲು ಭಾಗ ಮಾಡೋಣ, ಮಾರಾಯ" ಎಂದರು ಭಾವ. ಫ್ಲಾಟ್‌ವುಡ್ಸ್ ಹೆಸರಿಗೆ ತಕ್ಕಂತೆ ಮಟ್ಟಸ, ಕನ್ಹೇರಿ ಬೆಟ್ಟ ಎಂಬ ಮಾತನ್ನು ಅವರು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಸೋಮವಾರ ಉದ್ಯಾನಕ್ಕೆ ರಜೆ, ಭಾನುವಾರ ಜಾತ್ರೆ. ಫೆಬ್ರುವರಿಯ ಒಂದು ಬುಧವಾರ ಬೆಳಿಗ್ಗೆ ಒಳಹೊಕ್ಕೆವು. ದ್ವಾರ ಇರುವುದು ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಮಗ್ಗುಲಲ್ಲೇ. ನಾಲ್ಕು ನಿಮಿಷ ತುಳಿದರೆ ಹಾರನ್ನುಗಳ ಸದ್ದು ಹಿಂದೆ ಬಿದ್ದು ಮಂಗಟ್ಟೆ ಹಕ್ಕಿಯ ಕೂಗು ಕೇಳಿಸುತ್ತದೆ. ನೂರಾ ನಾಲ್ಕು ಚದರ ಕಿಲೋಮೀಟರ್ ಕಾಡು, ಅದರೊಳಗೆ ಮುಂಬಯಿಗೆ ನೀರು ಕೊಡುವ ವಿಹಾರ್ ಮತ್ತು ತುಳಸಿ ಕೆರೆಗಳು, ಚಿರತೆಗಳು. ಸುತ್ತ ಕೋಟಿಗಟ್ಟಲೆ ಜನ. ಒಳಗೆ ಬಾಡಿಗೆ ಸೈಕಲ್ಲೂ ಸಿಗುತ್ತವೆ, ಆದರೆ ಬೆಟ್ಟ ಹತ್ತುವುದಿದ್ದರೆ ಬ್ರೇಕು ನೋಡಿಕೊಂಡು ಆರಿಸಿಕೊಳ್ಳಬೇಕು.

ದಹಿಸರ್ ನದಿಯ ಸೇತುವೆ ದಾಟಿ ಒಂದಷ್ಟು ದೂರದವರೆಗೆ ರಸ್ತೆ ಸಾಧು. ಕೊನೆಯ ಏರಿನಲ್ಲಿ ಅದರ ಬುದ್ಧಿ ಗೊತ್ತಾಗುತ್ತದೆ. ಅತಿ ಸಣ್ಣ ಗೇರಿಗೆ ಇಳಿಸಿದರೂ ಹ್ಯಾಂಡಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ, ಪಕ್ಕದಲ್ಲಿ ಗುಹೆಗೆ ಹೋಗುವ ಬಸ್ಸು ಹೊಗೆಯನ್ನೋ ಧೂಳನ್ನೋ ಕೊಟ್ಟು ದಾಟುತ್ತದೆ. ಮೇಲೆ ಮುಟ್ಟಿದರೆ ಕೋತಿಗಳ ತಪಾಸಣೆ. ನಾನು ಬಾಳೆಹಣ್ಣು ಇಟ್ಟಿದ್ದ ಚೀಲ ಮೊದಲ ಸಲವೇ ಖಾಲಿಯಾಯಿತು. ಇಳಿಯುವಾಗ ಪೆಡಲ್ ತುಳಿಯುವ ಕೆಲಸವಿಲ್ಲ, ಬೆರಳುಗಳಿಗೆ ಮಾತ್ರ ದುಡಿಮೆ. ಪ್ರತಿ ತಿರುವಿನಲ್ಲೂ ರಸ್ತೆಯ ನಡುವೆ ಯಾವುದಾದರೊಂದು ಮುಸಿಯ ಕುಟುಂಬಸಮೇತ ಕೂತಿರುತ್ತದೆ.

ಬೆಳಿಗ್ಗೆ ರಸ್ತೆಯ ಮೇಲೆ ಬೂರುಗದ ಹೂಗಳು ಅಂಗೈಯಗಲ, ಕೆಂಪಗೆ ಇಡಿಯಾಗಿ ಬಿದ್ದಿದ್ದವು. ಹನ್ನೊಂದರ ಹೊತ್ತಿಗೆ ಟೈರುಗಳಡಿ ಕಂದು ರಸವಾಗಿ ಟಾರಿಗೆ ಅಂಟಿದ್ದವು. ಮಧ್ಯಾಹ್ನ ಬಸ್ಸು ಕಡಿಮೆ, ಬಿಸಿಲು ಹೆಚ್ಚು, ಸಾಗವಾನಿಯ ಒಣ ಎಲೆ ಬಿದ್ದರೂ ಬೆಚ್ಚುವಷ್ಟು ನಿಶ್ಶಬ್ದ. ಇಳಿಜಾರಿನ ಕೆಳಗೆ ವಾರ್ಲಿ ಹಾಡಿಯ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡಿದ್ದಳು. ಪೇರಳೆಯನ್ನು ನಾಲ್ಕಾಗಿ ಸೀಳುವಳು, ಆದರೆ ತೊಟ್ಟಿನ ಬಳಿ ಬಿಡಿಸುವುದಿಲ್ಲ. ಹೆಬ್ಬೆರಳಿನಿಂದ ಸೀಳು ಅಗಲಿಸಿ ಉಪ್ಪುಖಾರ ಒತ್ತಿ ಮತ್ತೆ ಮುಚ್ಚಿ ಇಡೀ ಹಣ್ಣಿನಂತೆ ಕೈಗೆ ಕೊಡುವಳು. ನಾವು ಮತ್ತೆ ಮತ್ತೆ ಹಾದುಹೋಗುವುದನ್ನು ನೋಡಿ, ಮೇಲೆ ಏನನ್ನಾದರೂ ಕಳೆದುಕೊಂಡಿರಾ ಎಂದು ಮರಾಠಿಯಲ್ಲಿ ಕೇಳಿದಳು. ಭಾವ ಗಂಭೀರವಾಗಿ, ಹೊಟ್ಟೆ ಕಳೆದುಕೊಳ್ಳಬೇಕಾಗಿದೆ ಎಂದರು.

ಒಮ್ಮೆ ಮಾತ್ರ ಸೈಕಲ್ ಬೀಗ ಹಾಕಿ ಗುಹೆಗಳಿಗೆ ಹತ್ತಿದೆವು. ನೂರಕ್ಕೂ ಮಿಕ್ಕಿದ ಗುಹೆಗಳು, ಕ್ರಿಸ್ತಪೂರ್ವದಿಂದ ಸಾವಿರ ವರ್ಷ ಕರಿಗಲ್ಲಿನಲ್ಲಿ ಕಡೆದವು. ಇಲ್ಲಿನ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದ ಕಾಲ. ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಗುಹೆಗಳ ದುರಸ್ತಿಗೆ ಬಿಟ್ಟ ದತ್ತಿಯ ವಿವರ ಅವುಗಳಲ್ಲಿದೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ನಡೆಯುವ ದತ್ತಿಗಳು ಕನ್ಹೇರಿಗೆ ಹೊಸವಲ್ಲ ಎಂದು ನಾನು ಹೇಳಿದ್ದೇ ತಡ, ಭಾವನ ದಣಿವೆಲ್ಲ ಇಳಿಯಿತು. "ನಿಶ್ಚಿತ ಠೇವಣಿ! ಮಾನ್ಯಖೇಟದ ಅರಸನಿಗೆ ಇಲ್ಲೊಂದು ಶಾಖೆ" ಎಂದು ಕಂಬ ತಟ್ಟಿದರು. ಕಾವಲುಗಾರ ಗದರಿದ.

ಒಂದೇ ರಸ್ತೆಯಲ್ಲಿ ಸುತ್ತುವುದು ಬೇಸರವಲ್ಲವೇ ಎಂದು ಆಮೇಲೆ ಹಲವರು ಕೇಳಿದರು. ಬೇಸರ ದೊಡ್ಡ ತೊಂದರೆಯಲ್ಲ. ತೊಂದರೆ ಕೊಡುವುದು ದ್ವಾರ. ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಹೋದವನಿಗೆ ಮರಳದೆ ಗತಿಯಿಲ್ಲ. ಕಾಲು ಬಿದ್ದುಹೋದರೂ ಮನೆ ಸೇರಲೇಬೇಕು. ಇಲ್ಲಿ ಹನ್ನೆರಡು ಕಿಲೋಮೀಟರಿಗೊಮ್ಮೆ ದ್ವಾರ ಎದುರಾಗುತ್ತದೆ, ಆಚೆಗೆ ರಿಕ್ಷಾ, ಚಹಾ, ಹತ್ತೇ ನಿಮಿಷದಲ್ಲಿ ಮನೆ. ಪ್ರತಿ ಸಲವೂ ಅದಕ್ಕೆ ಬೆನ್ನು ಹಾಕಿ ತಿರುಗಬೇಕು. ಆರನೆಯ ಸಲ ನಾನು ಕಾಲು ಕೆಳಗಿಟ್ಟು ನಿಂತೇಬಿಟ್ಟೆ. ಭಾವ ಹಿಂತಿರುಗಿ ನೋಡದೆ ಹೋದರು. ನೋಡಿದ್ದರೆ ಇಬ್ಬರೂ ಚಹಾಕ್ಕೆ ಹೋಗುತ್ತಿದ್ದೆವು. ಕೋಕರ್ ಇಂಥ ದ್ವಾರವನ್ನು ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಲ, ವರ್ಷವಿಡೀ ಹೇಗೆ ದಾಟಿದಳೋ! ಅವಳ ಕಾಲಿಗಿಂತ ಹಟವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಎಂಟನೆಯ ಸಲ ಕೆಳಗಿಳಿದಾಗ ಸಂಜೆಯಾಗಿತ್ತು. ಉಳಿದ ನಾಲ್ಕು ಕಿಲೋಮೀಟರನ್ನು ಉದ್ಯಾನದೊಳಗಿನ ಗಾಂಧಿ ಟೇಕಡಿ ಎಂಬ ಗುಡ್ಡದ ಸುತ್ತಮುತ್ತ ಮುಗಿಸೋಣವೆಂದರೆ ಸಿಬ್ಬಂದಿ ಸೀಟಿ ಊದಿ ಎಲ್ಲರನ್ನೂ ಹೊರಡಿಸುತ್ತಿದ್ದರು. ಮನೆಗೆ ಹೋಗುವ ದಾರಿಯನ್ನು ಸೇರಿಸಿಕೊಂಡರೆ ನೂರು ದಾಟುತ್ತದೆ ಎಂದೆ. "ಅದು ಬೇರೆ ಖಾತೆ" ಎಂದರು ಭಾವ. ಕಟ್ಟಡದ ಅಂಗಳಕ್ಕೆ ಬಂದವರೇ ಇಳಿಯದೆ ನೀರಿನ ಟ್ಯಾಂಕಿನ ಸುತ್ತ ತುಳಿಯತೊಡಗಿದರು. ಬಿಟ್ಟರೆ ಸರಿಯಲ್ಲವೆಂದು ನಾನೂ ಹಿಂದೆ ಹೋದೆ. ಮೂರನೆಯ ಮಹಡಿಯಿಂದ ಅಕ್ಕ ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಆಡುತ್ತಿದ್ದ ಮಕ್ಕಳಿಗೆ ಇದು ಸ್ಪರ್ಧೆಯೆಂದು ಅನಿಸಿರಬೇಕು, ತಮ್ಮ ಸೈಕಲ್ಲುಗಳನ್ನು ತಂದು ಸೇರಿಕೊಂಡರು. ಅವರಲ್ಲೊಬ್ಬಳು, ಹಿಂದಿನ ಚಕ್ರಕ್ಕೆ ಇನ್ನೂ ಆಸರೆಯ ಪುಟ್ಟ ಗಾಲಿಗಳಿದ್ದವಳು, ಗಂಟೆ ಬಾರಿಸುತ್ತಾ ಭಾವನನ್ನು ಎರಡು ಸಲ ಹಿಂದಿಕ್ಕಿದಳು.