ಹೆಬ್ಬಾಗಿಲಿನ ಕಾವಲುಗಾರ್ತಿ: ಒಂದು ಕಾಸ್‌ಪ್ಲೇ ದಿನಚರಿ

ಮೊದಲ ವಾರ

ಈ ಸಲ ನಾಯಕಿಯರ ಗೊಡವೆಗೆ ಹೋಗುವುದಿಲ್ಲ. ಕಳೆದ ಕಾಸ್‌ಪ್ಲೇ ಸಮಾವೇಶದಲ್ಲಿ, ಅಂದರೆ ಆಟ, ಕಥೆಗಳ ಪಾತ್ರಗಳ ವೇಷ ತೊಟ್ಟು ಅಭಿಮಾನಿಗಳು ಸೇರುವಲ್ಲಿ, ನಾನು ಹಾಕಿದ್ದ ವೇಷವನ್ನೇ ಇನ್ನೂ ಒಂಬತ್ತು ಮಂದಿ ಹಾಕಿಕೊಂಡು ಬಂದಿದ್ದರು. ಗುಂಪು ಫೋಟೊದಲ್ಲಿ ನನ್ನನ್ನು ನಾನೇ ಹುಡುಕಬೇಕಾಯಿತು. ಆದ್ದರಿಂದ ಈ ಬಾರಿ ಆರಿಸಿಕೊಂಡದ್ದು ಒಂದು ವಿಡಿಯೊ ಗೇಮಿನಲ್ಲಿ ಕೋಟೆಯ ಹೆಬ್ಬಾಗಿಲ ಬಳಿ ಈಟಿ ಹಿಡಿದು ನಿಂತಿರುವ ಕಾವಲುಗಾರ್ತಿಯನ್ನು. ಅವಳಿಗೆ ಹೆಸರೂ ಇಲ್ಲ. ಇಡೀ ಆಟದಲ್ಲಿ ಅವಳು ಆಡುವುದು ಎರಡೇ ಮಾತು. ಕತ್ತಲಾದ ಮೇಲೆ ಬಾಗಿಲು ತೆರೆಯುವುದಿಲ್ಲ ಎಂಬುದು ಒಂದು, ಬೂಟಿನೊಳಗೆ ನೀರು ಹೋಗುತ್ತಿದೆ ಎಂಬ ಗೊಣಗಾಟ ಇನ್ನೊಂದು.

ಪಾತ್ರ ಪುಟ್ಟದಾದರೆ ಕೆಲಸವೂ ಪುಟ್ಟದು ಎಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ನಾಯಕಿಯಾದರೆ ಅವಳ ಬೆನ್ನು, ಬಗಲು, ಬೂಟಿನ ಅಟ್ಟೆ ಎಲ್ಲದರ ಚಿತ್ರವನ್ನೂ ಯಾರೋ ಪುಣ್ಯಾತ್ಮರು ಆಗಲೇ ತೆಗೆದಿಟ್ಟಿರುತ್ತಾರೆ. ನನ್ನ ಕಾವಲುಗಾರ್ತಿಯೋ ಗೋಡೆಗೆ ಬೆನ್ನು ಕೊಟ್ಟು ನಿಂತವಳು. ಆ ಬೆನ್ನನ್ನು ಕಂಡವರೇ ಇಲ್ಲ. ಆಟದ ಕ್ಯಾಮೆರಾವನ್ನು ಗೋಡೆಯ ಮೂಲೆಗೆ ತುರುಕಿ ನಲವತ್ತು ಸ್ಕ್ರೀನ್‌ಶಾಟ್ ತೆಗೆದ ಮೇಲೆ, ಎಡ ಹೆಗಲ ಹಿಂದೆ ಒಂದು ಬಕಲ್ ಇರುವುದಷ್ಟೇ ಗೊತ್ತಾಯಿತು. ಉಳಿದ ಬೆನ್ನು ನನ್ನ ಊಹೆ.

ಎರಡನೆಯ ವಾರ

ಎದೆಕವಚದ ಮಾದರಿ ತೆಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹಳೆಯ ಟಿ-ಶರ್ಟ್ ತೊಟ್ಟು, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಂಡು, ಅದನ್ನು ಡಕ್ಟ್ ಟೇಪಿನಿಂದ ಮುಚ್ಚಬೇಕು. ಟೇಪನ್ನು ತುಂಡು ತುಂಡಾಗಿ ಅಂಟಿಸಬೇಕೇ ಹೊರತು ಉದ್ದಕ್ಕೆ ಎಳೆದು ಸುತ್ತಬಾರದು. ಸುತ್ತಿದರೆ ಮೈ ಬಿಗಿದುಕೊಂಡು ಅಳತೆ ಚಿಕ್ಕದಾಗುತ್ತದೆ. ಅಕ್ಕ ಅಂಟಿಸಿದಳು. ನಾನು ಹೊಟ್ಟೆ ಒಳಗೆ ಎಳೆದುಕೊಂಡು ಗತ್ತಿನಿಂದ ನಿಂತಿದ್ದೆ. "ಉಸಿರು ಬಿಡು. ದಿನವಿಡೀ ಹೀಗೇ ಉಬ್ಬಿಕೊಂಡು ನಿಂತಿರುತ್ತೀಯಾ?" ಎಂದಳು. ಅವಳು ಕವಚ ಮಾಡಿದವಳಲ್ಲ, ಬಟ್ಟೆ ಹೊಲಿಯುವವಳು. ಆದರೂ ಈ ದಿನಚರಿಯಲ್ಲಿ ಮುಂದೆ ನಾನು ಮಾಡಿದ ತಪ್ಪುಗಳಲ್ಲಿ ಅರ್ಧದಷ್ಟು ಈ ಒಂದು ಮಾತನ್ನು ಮರೆತದ್ದರಿಂದಲೇ ಆದವು.

ಟೇಪಿನ ಮೇಲೆ ಮಾರ್ಕರ್‌ನಿಂದ ಕವಚದ ಗೆರೆಗಳನ್ನು ಬರೆದು, ಎರಡು ಭಾಗ ಸೇರುವ ಕಡೆಯಲ್ಲೆಲ್ಲ ಅಡ್ಡಗೀಟು ಹಾಕಿ, ಬೆನ್ನ ನಡುವೆ ಕತ್ತರಿಸಿ ಬಿಚ್ಚಿದೆವು. ಈ ಅಡ್ಡಗೀಟುಗಳನ್ನು ಮರೆಯಬಾರದು. ಆಮೇಲೆ ಯಾವ ತುಂಡು ಎಲ್ಲಿಯದು ಎಂದು ಹೇಳುವವು ಅವು ಮಾತ್ರ. ದುಂಡಗಿನ ಮೈಯ ಚಿಪ್ಪನ್ನು ಮೇಜಿನ ಮೇಲೆ ಹರಡಿದರೆ ಅದು ಚಪ್ಪಟೆಯಾಗಲು ಒಪ್ಪುವುದಿಲ್ಲ. ಎಲ್ಲಿ ಮುದುರಿ ಎದ್ದು ನಿಲ್ಲುತ್ತದೆಯೋ ಅಲ್ಲಿಗೆ ಕತ್ತರಿ ಹಾಕಬೇಕು. ಹಾಗೆ ಹಾಕಿದಾಗ ಬಿಡುವ ತ್ರಿಕೋನದ ಸಂದೇ ಮುಂದೆ ಕವಚವಾಗುವ ಫೋಮಿನಲ್ಲಿ ಎದೆಯ ಉಬ್ಬಾಗುತ್ತದೆ. ಇದನ್ನು ಮೊದಲ ಸಲ ಕಣ್ಣಾರೆ ಕಂಡಾಗ ನನಗೆ ಶಾಲೆಯಲ್ಲಿ ಹತ್ತದ ರೇಖಾಗಣಿತ ತಟ್ಟನೆ ಹತ್ತಿತ್ತು.

ಮೂರು ಮತ್ತು ನಾಲ್ಕನೆಯ ವಾರ

ಫೋಮ್ ಕತ್ತರಿಸುವುದು, ಬರೀ ಕತ್ತರಿಸುವುದು. ಇದು ಇವಿಎ ಫೋಮ್: ವ್ಯಾಯಾಮದ ಚಾಪೆಗೂ ಚಪ್ಪಲಿಗೂ ಬಳಸುವ ವಸ್ತುವೇ. ಎದೆಗೂ ಹೆಗಲಿಗೂ 6 ಮಿಲಿಮೀಟರ್ ದಪ್ಪದ್ದು, ಅಂಚಿನ ಪಟ್ಟಿಗಳಿಗೂ ಅಲಂಕಾರಕ್ಕೂ 2 ಮಿಲಿಮೀಟರಿನದು. ಕಟರ್ ಬ್ಲೇಡ್ ವಿಷಯದಲ್ಲಿ ಜಿಪುಣತನ ಮಾಡಬಾರದು. ಫೋಮ್ ನೋಡಲು ಮೆತ್ತಗಿದ್ದರೂ ಉಕ್ಕಿನ ಅಲಗನ್ನು ಬಹುಬೇಗ ಮೊಂಡು ಮಾಡುತ್ತದೆ. ಮೊಂಡು ಅಲಗು ಕೊಯ್ಯುವುದಿಲ್ಲ, ಹರಿಯುತ್ತದೆ. ಇಲಿ ಕಡಿದಂಥ ಅಂಚು ಉಳಿಯುತ್ತದೆ. ನಾನು ನಾಲ್ಕೈದು ಉದ್ದ ಕೊಯ್ತಗಳಿಗೊಮ್ಮೆ ತುದಿ ಮುರಿದು ಹೊಸ ಅಲಗು ಹೊರತೆಗೆಯುತ್ತೇನೆ.

ಕೊಯ್ದ ಮೇಲೆ ಹೀಟ್ ಗನ್. ಬಿಸಿಗಾಳಿ ತಾಗಿದಂತೆ ಫೋಮಿನ ಒರಟು ಮೈ ಮುಚ್ಚಿಕೊಂಡು ತುಸು ಮಿರುಗತೊಡಗುತ್ತದೆ. ಸಣ್ಣ ರಂಧ್ರಗಳು ಮುಚ್ಚಿದವು ಎಂಬುದಕ್ಕೆ ಆ ಮಿರುಗೇ ಗುರುತು. ಆಗಲೇ ಅದನ್ನು ಮೊಣಕಾಲಿಗೋ ಬಟ್ಟಲಿಗೋ ಒತ್ತಿ ಹಿಡಿದು ಆರುವವರೆಗೆ ಅಲುಗಾಡದೆ ಕುಳಿತರೆ ಬಾಗು ನಿಲ್ಲುತ್ತದೆ. ಅವಸರಪಟ್ಟು ಬಿಟ್ಟರೆ ಮತ್ತೆ ಚಪ್ಪಟೆಯಾಗುತ್ತದೆ. ಬಲ ಭುಜಕವಚಕ್ಕೆ ಒಂದೇ ಯತ್ನ ಸಾಕಾಯಿತು. ಎಡದ್ದಕ್ಕೆ ಮೂರು ಬೇಕಾದವು, ಒಂದು ಸಲವಂತೂ ಗಾಳಿಯನ್ನು ಒಂದೇ ಕಡೆ ಹಿಡಿದು ಗುಳ್ಳೆ ಎಬ್ಬಿಸಿಬಿಟ್ಟೆ. ಆ ಗುಳ್ಳೆಯನ್ನು ಆಮೇಲೆ ಯುದ್ಧದ ಗಾಯವೆಂದು ಸಾಗಹಾಕುವ ವಿಚಾರವಿದೆ.

ಐದನೆಯ ವಾರ

ಅಂಟಿನ ವಾರ, ಬೈಗುಳದ ವಾರ. ಕಾಂಟ್ಯಾಕ್ಟ್ ಸಿಮೆಂಟನ್ನು ಎರಡೂ ಅಂಚುಗಳಿಗೆ ತೆಳುವಾಗಿ ಬಳಿದು, ಸುಮಾರು ಹತ್ತು ನಿಮಿಷ ಬಿಟ್ಟು, ಬೆರಳಿಗೆ ತಾಗಿದರೂ ಮೆತ್ತಿಕೊಳ್ಳದ ಹದ ಬಂದ ಮೇಲೆ ಜೋಡಿಸಬೇಕು. ಹಸಿಯಾಗಿರುವಾಗಲೇ ಜೋಡಿಸಿದರೆ ಹಿಡಿಯುವುದಿಲ್ಲ. ಹದವಾದ ಮೇಲೆ ಜೋಡಿಸಿದರೆ ಬಿಡುವುದಿಲ್ಲ, ತಪ್ಪಾಗಿ ಜೋಡಿಸಿದರೂ ಬಿಡುವುದಿಲ್ಲ. ಎದೆಯ ಎಡಬದಿಯನ್ನು ಅಡ್ಡಗೀಟಿಗಿಂತ ಒಂದು ಬೆರಳು ಮೇಲಕ್ಕೆ ಕೂರಿಸಿಬಿಟ್ಟೆ. ಬಿಡಿಸಲು ಹೋದರೆ ಅಂಟು ಗಟ್ಟಿಯಾಗಿಯೇ ಇತ್ತು, ಫೋಮ್ ಹರಿಯಿತು. ಅಷ್ಟು ಭಾಗವನ್ನು ಹೊಸದಾಗಿ ಕೊಯ್ದೆ.

ಈ ಅಂಟಿನ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿದ್ದೇನೆ ಎಂಬ ಸಮಾಧಾನ ಸಾಲದು. ಧೂಳಿನ ಸಾದಾ ಮಾಸ್ಕ್ ಆವಿಯನ್ನು ತಡೆಯುವುದೇ ಇಲ್ಲ. ರಾಸಾಯನಿಕ ಆವಿಗೆಂದೇ ಮಾಡಿದ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು. ಹಿಂದಿನ ವರ್ಷ ಇದನ್ನು ಕಡೆಗಣಿಸಿ ಎರಡು ದಿನ ತಲೆನೋವಿನಿಂದ ಮಲಗಿದ್ದೆ.

ಆರನೆಯ ವಾರ

ಏನೂ ಮಾಡಲಿಲ್ಲ. ಕಚೇರಿ ಕೆಲಸ.

ಏಳು ಮತ್ತು ಎಂಟನೆಯ ವಾರ

ಕವಚದ ಒಳಗೆ ತೊಡುವ ನಿಲುವಂಗಿಯನ್ನು ಹೊಲಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತಾಗಲೆಲ್ಲ ನನಗೆ ಮೊರೊಜೋ ನೆನಪಾಗುತ್ತಾಳೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ವರ್ಲ್ಡ್‌ಕಾನ್‌ಗೆ, ಅಂದರೆ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ವಿಶ್ವ ಸಮಾವೇಶಕ್ಕೆ, ಭವಿಷ್ಯದ ಉಡುಪು ಎಂದು ವೇಷ ತೊಟ್ಟು ಬಂದವರು ಇಬ್ಬರು: ಫಾರೆಸ್ಟ್ ಆ್ಯಕರ್‌ಮನ್ ಮತ್ತು ಮೊರೊಜೋ ಎಂಬ ಹೆಸರಿನಿಂದ ಪರಿಚಿತಳಾಗಿದ್ದ ಮಿರ್ಟಲ್ ಡಗ್ಲಸ್. ಹೆಸರು ಬಹುಕಾಲ ಆ್ಯಕರ್‌ಮನ್‌ಗೇ ಸಂದಿತು. ಎರಡೂ ಉಡುಪುಗಳನ್ನು ಹೊಲಿದವಳು ಮೊರೊಜೋ. ಕಾಸ್‌ಪ್ಲೇ ಎಂಬ ಪದ ಹುಟ್ಟಿದ್ದು ಅದಕ್ಕೂ ನಾಲ್ಕು ದಶಕ ಆದ ಮೇಲೆ, 1980ರ ದಶಕದ ಜಪಾನಿನಲ್ಲಿ, ಕಾಸ್ಟ್ಯೂಮ್ ಮತ್ತು ಪ್ಲೇ ಎರಡನ್ನೂ ಮೊಟಕಾಗಿಸಿ ಜೋಡಿಸಿದ್ದರಿಂದ. ಹೆಸರು ಬರುವ ಮೊದಲೇ ಹೊಲಿಗೆ ನಡೆದಿತ್ತು.

ಫೋಮ್ ಕವಚ ಮಾಡುವವರಲ್ಲಿ ಬಟ್ಟೆಯ ಕೆಲಸವನ್ನು ಹಗುರವಾಗಿ ಕಾಣುವ ಚಾಳಿ ಇದೆ, ನನಗೂ ಇತ್ತು. ಈ ನಿಲುವಂಗಿಯ ಕಂಕುಳಲ್ಲಿ ಚೌಕಾಕಾರದ ತುಂಡೊಂದನ್ನು ಓರೆಯಾಗಿ ಕೂರಿಸದೆ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಕೈ ಎತ್ತಲಾರದವಳು ಈಟಿ ಹಿಡಿಯುವುದು ಹೇಗೆ? ಅಕ್ಕ ಅದನ್ನು ಹೇಳಿಕೊಟ್ಟಳು. ನಾನು ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಕೂರಿಸಿದೆ.

ಒಂಬತ್ತನೆಯ ವಾರ

ಈಟಿ. ಮೊದಲು ಸಮಾವೇಶದ ನಿಯಮಾವಳಿ ಓದಿದೆ, ಆಮೇಲೆ ಕೈಗೆ ಗರಗಸ ತೆಗೆದುಕೊಂಡೆ. ಈ ಕ್ರಮ ತಲೆಕೆಳಗಾದರೆ ಬಾಗಿಲಲ್ಲೇ ಈಟಿಯನ್ನು ಬಿಟ್ಟು ಒಳಗೆ ಹೋಗಬೇಕಾಗುತ್ತದೆ. ಸಮಾವೇಶದಿಂದ ಸಮಾವೇಶಕ್ಕೆ ನಿಯಮ ಬೇರೆ. ಆದರೂ ಲೋಹದ ಅಲಗು, ನಿಜವಾದ ಬಂದೂಕು, ಚೂಪಾದ ತುದಿ ಬಹುತೇಕ ಎಲ್ಲಿಯೂ ಕೂಡದು, ಉದ್ದಕ್ಕೂ ಮಿತಿ ಇರುತ್ತದೆ. ನನ್ನ ಈಟಿಯ ದಂಡ ಪಿವಿಸಿ ಪೈಪು, ಮೊನೆ ಫೋಮು. ನಡುವೆ ತಿರುಪು ಹಾಕಿ ಎರಡು ತುಂಡಾಗಿ ಬಿಚ್ಚುವಂತೆ ಮಾಡಿದ್ದೇನೆ. ಹಾಗಿಲ್ಲದಿದ್ದರೆ ಅದು ವಾಹನದೊಳಗೆ ಹೋಗುವುದಿಲ್ಲ.

ನಿಯಮಗಳೆಂದರೆ ಮೂಗು ಮುರಿಯುವವರಿಗೆ ಒಂದು ಕಥೆ. 1972ರ ವರ್ಲ್ಡ್‌ಕಾನ್‌ಗೆ ಒಬ್ಬ ಮಹಾಶಯ ಮೈತುಂಬ ಕಡಲೆಕಾಯಿ ಬೆಣ್ಣೆ ಬಳಿದುಕೊಂಡೇ ವೇಷ ಎಂದು ಬಂದ. ದೀಪಗಳ ಬಿಸಿಗೆ ಅದು ಕರಗಿ, ತಾಗಿದ್ದಕ್ಕೆಲ್ಲ ಮೆತ್ತಿಕೊಂಡಿತು. ಅಂದಿನಿಂದ ಕಡಲೆಕಾಯಿ ಬೆಣ್ಣೆಯ ವೇಷ ನಿಷಿದ್ಧ ಎಂಬ ನಿಯಮವೇ ಹುಟ್ಟಿಕೊಂಡಿತು. ಪ್ರತಿಯೊಂದು ವಿಚಿತ್ರ ನಿಯಮದ ಹಿಂದೆಯೂ ಯಾರೋ ಒಬ್ಬರು ಒರೆಸಿ ಸುಸ್ತಾದ ನೆಲವಿದೆ.

ಹತ್ತು ಮತ್ತು ಹನ್ನೊಂದನೆಯ ವಾರ

ಬಣ್ಣ. ನನಗೆ ತೀರ ಇಷ್ಟವಾದ ಘಟ್ಟ ಇದು. ಮೊದಲು ಬಾಗಿದರೂ ಬಿರಿಯದ ರಬ್ಬರಿನಂಥ ಪ್ರೈಮರ್ ಮೂರು ಲೇಪ. ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಉಕ್ಕಿನ ಬಣ್ಣ. ಇಲ್ಲಿಗೆ ನಿಲ್ಲಿಸಿದರೆ ಕವಚ ಅಂಗಡಿಯಿಂದ ಈಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಕಾಣುತ್ತದೆ. ನೀರು ಬೆರೆಸಿದ ಕಪ್ಪು ಅಕ್ರಿಲಿಕ್ಕನ್ನು ಇಡೀ ಮೈಗೆ ಬಳಿದು, ಆರುವ ಮೊದಲೇ ಬಟ್ಟೆಯಿಂದ ಒರೆಸಿದರೆ ಸಂದುಗಳಲ್ಲಿ ಮಾತ್ರ ಕೊಳೆ ಉಳಿಯುತ್ತದೆ. ಕೊನೆಗೆ ಒಣ ಕುಂಚಕ್ಕೆ ತುಸುವೇ ಬೆಳ್ಳಿ ಬಣ್ಣ ತಾಗಿಸಿ, ಅದನ್ನೂ ಕಾಗದಕ್ಕೆ ಒರೆಸಿ, ಉಳಿದುದನ್ನು ಅಂಚುಗಳಿಗೆ ತೀಡಬೇಕು.

ಸವೆತ ಎಲ್ಲಿ ಬರಬೇಕು ಎಂಬುದರಲ್ಲಿ ಪಾತ್ರದ ಬದುಕಿದೆ. ಇವಳು ಕಾದಾಡುವವಳಲ್ಲ, ನಿಲ್ಲುವವಳು. ಎದೆಯ ಮೇಲೆ ಕತ್ತಿಯ ಗೀರು ಹಾಕಿದರೆ ಅದು ಸುಳ್ಳು. ಈಟಿಯ ದಂಡ ಸದಾ ಒರಗುವ ಬಲ ಹೆಗಲು ಸವೆದಿರಬೇಕು. ಗೋಡೆಗೆ ಒರಗಿದ ಬೆನ್ನು ಉಜ್ಜಿ ಉಜ್ಜಿ ಹೊಳೆಯಬೇಕು. ಬೂಟುಗಳಿಗೆ ಕಣಕಾಲಿನವರೆಗೆ ಕೆಸರಿನ ಗೆರೆ. ಎಡಗಡೆಯದಕ್ಕೆ ಇನ್ನೂ ಒಂದು ಬೆರಳು ಮೇಲಕ್ಕೆ ಎಳೆದೆ, ನೀರು ಹೋಗುವುದು ಆ ಬೂಟಿಗೇ ಎಂದು ನನ್ನ ನಂಬಿಕೆ. ಎಡ ಭುಜದ ಗುಳ್ಳೆಯನ್ನು ಯುದ್ಧದ ಗಾಯ ಎನ್ನುವ ಹಾಗಿಲ್ಲವಾದ್ದರಿಂದ ತುಕ್ಕು ಮಾಡಿದೆ.

ಹನ್ನೆರಡನೆಯ ವಾರ

ಪೂರ್ತಿ ತೊಟ್ಟು ನೋಡಿದೆ. ಕನ್ನಡಿಯಲ್ಲಿ ಭೇಷ್. ಕುರ್ಚಿಯಲ್ಲಿ ಕುಳಿತೆ, ತೊಡೆಯ ಮುಂದಿನ ಫಲಕಗಳು ಮೇಲಕ್ಕೆ ಒತ್ತಿ, ಎದೆಕವಚ ಗದ್ದಕ್ಕೆ ಬಂದು ಗುದ್ದಿತು. ನಾನು ಈ ಹನ್ನೊಂದು ವಾರವೂ ಕನ್ನಡಿಯ ಮುಂದೆ ನಿಂತು ಉಬ್ಬಿಕೊಂಡಿರುವವಳಿಗಾಗಿ ಕವಚ ಮಾಡಿದ್ದೆ. ಎಂಟು ಗಂಟೆ ನಡೆದು, ಕುಳಿತು, ನೀರು ಕುಡಿದು, ಮೆಟ್ಟಿಲು ಹತ್ತುವವಳು ಬೇರೆಯೇ.

ಫಲಕಗಳನ್ನು ಸೊಂಟದಿಂದ ಕೊಯ್ದು, ಪಟ್ಟಿಗಳಲ್ಲಿ ಜೋತಾಡುವಂತೆ ತೂಗುಹಾಕಿದೆ. ಈಗ ಕುಳಿತರೆ ಪಕ್ಕಕ್ಕೆ ಸರಿಯುತ್ತವೆ. ಶಿರಸ್ತ್ರಾಣದೊಳಗೆ ಅಕ್ಕಪಕ್ಕ ಕಾಣುವುದಿಲ್ಲ, ಕಾಲ ಕೆಳಗಿನ ಮೆಟ್ಟಿಲಂತೂ ಊಹೆಯೇ; ಅಕ್ಕ ಜೊತೆಗಿರಲು ಒಪ್ಪಿದ್ದಾಳೆ. ಇನ್ನು ಯಾರೂ ಬರೆಯದ ವಿಷಯ, ಶೌಚಾಲಯ. ಗಡಿಯಾರ ಹಿಡಿದು ನೋಡಿದೆ. ಬಿಚ್ಚಲು ಹನ್ನೊಂದು ನಿಮಿಷ ಹಿಡಿಯಿತು. ಬೆನ್ನಿನ ಲೇಸುಗಳನ್ನು ಕಿತ್ತು, ಪಕ್ಕೆಗೆ ನಾನೇ ಬಿಚ್ಚಿಕೊಳ್ಳಬಲ್ಲ ಬಕಲ್ ಹಾಕಿದ ಮೇಲೆ ಮೂರು ನಿಮಿಷಕ್ಕೆ ಇಳಿಯಿತು. ಈ ಹನ್ನೆರಡು ವಾರಗಳಲ್ಲಿ ನಾನು ಮಾಡಿದ ಅತಿ ದೊಡ್ಡ ಸಾಧನೆ ಇದೇ.

ಹದಿಮೂರನೆಯ ವಾರ

ಕೌಶಲ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರರು ಪಾತ್ರದ ಮೂಲ ಚಿತ್ರದ ಜೊತೆಗೆ ಹಂತ ಹಂತದ ಫೋಟೊಗಳನ್ನೂ ಕೇಳುತ್ತಾರೆ, ಅಂಚು ಮಗುಚಿ ಒಳಗಿನ ಹೊಲಿಗೆ ನೋಡುತ್ತಾರೆ. ಈ ದಿನಚರಿಯನ್ನು ಬರೆಯತೊಡಗಿದ್ದೂ ಅದಕ್ಕೇ. ದುರಸ್ತಿ ಚೀಲ ಸಿದ್ಧವಾಯಿತು: ಸೂಪರ್ ಗ್ಲೂ, ಪಿನ್ನು, ಸೂಜಿದಾರ, ಕಪ್ಪು ಟೇಪು, ಒಂದು ಹೆಚ್ಚುವರಿ ಬಕಲ್.

ಸಮಾವೇಶದ ದಿನ

ಪರಿಶೀಲನೆಯ ಮೇಜಿನಲ್ಲಿ ಈಟಿಯ ಮೊನೆಯನ್ನು ಬಗ್ಗಿಸಿ ನೋಡಿ, ಬಣ್ಣದ ಪಟ್ಟಿ ಕಟ್ಟಿ ಒಳಗೆ ಬಿಟ್ಟರು. ಒಳಗೆ ಗೋಡೆಯ ಮೇಲೆ ದೊಡ್ಡ ಫಲಕ: ವೇಷ ಹಾಕಿದವರನ್ನು ಮುಟ್ಟುವ ಮೊದಲು, ಫೋಟೊ ತೆಗೆಯುವ ಮೊದಲು ಕೇಳಿ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ "ಕಾಸ್‌ಪ್ಲೇ ಎಂದರೆ ಒಪ್ಪಿಗೆಯಲ್ಲ" ಎಂಬ ಫಲಕಗಳನ್ನು ಎದ್ದು ಕಾಣುವಂತೆ ನಿಲ್ಲಿಸಿತ್ತು. ಆ ಮಾತು ಈಗ ಬಹಳ ಕಡೆ ಕಾಣಸಿಗುತ್ತದೆ. ಫಲಕ ಇದ್ದರೂ ಹಿಂದಿನಿಂದ ಬಂದು ಕವಚವನ್ನು ಕುಟುಕಿ ನೋಡುವವರು ಇದ್ದೇ ಇರುತ್ತಾರೆ. ಇಬ್ಬರು ಬಂದರು. ಇಬ್ಬರಿಗೂ ಅಕ್ಕ ಹೇಳಬೇಕಾದುದನ್ನು ಹೇಳಿದಳು.

ನನ್ನನ್ನು ಯಾರೂ ಗುರುತಿಸಲಿಲ್ಲ. ಸಭಾಂಗಣದ ಬಾಗಿಲ ಪಕ್ಕ ನೆರಳಿತ್ತೆಂದು ಗೋಡೆಗೆ ಒರಗಿ ನಿಂತೆ. ಐದು ನಿಮಿಷವೂ ಆಗಿರಲಿಲ್ಲ, ಒಬ್ಬರು ಬಂದು ನೋಂದಣಿ ಕೌಂಟರ್ ಎಲ್ಲಿ ಎಂದು ಕೇಳಿದರು. ನನ್ನನ್ನು ವ್ಯವಸ್ಥಾಪಕರ ಕಡೆಯವಳು ಎಂದುಕೊಂಡಿದ್ದರು. ಈಟಿಯಿಂದ ತೋರಿಸಿದೆ. ಆಮೇಲೆ ಸಾಲುಸಾಲಾಗಿ ಬಂದರು: ಶೌಚಾಲಯ, ಕುಡಿಯುವ ನೀರು, ಎರಡನೆಯ ವೇದಿಕೆ, ಕಳೆದುಹೋದ ತಮ್ಮ. ರೆಕ್ಕೆಗಳು ಆಳೆತ್ತರವಿದ್ದ ಒಬ್ಬಳು ಡ್ರ್ಯಾಗನ್ ಮಾತ್ರ "ಅಗಲವಾದ ಬಾಗಿಲು ಯಾವ ಕಡೆ ಇದೆ, ಅಕ್ಕಾ?" ಎಂದು ಕೇಳಿದಳು. ಆ ಹೊತ್ತಿಗೆ ಅದೂ ನನಗೆ ಗೊತ್ತಿತ್ತು. "ಬಂದದ್ದು ವೇಷ ತೋರಿಸಲೋ, ಕೆಲಸಕ್ಕೆ ಸೇರಲೋ?" ಎಂದು ಅಕ್ಕ ನಕ್ಕಳು. ನನಗೇನೋ ಹಿಂದಿನ ಸಲ ಫೋಟೊಗೆ ನಿಂತದ್ದಕ್ಕಿಂತ ಇದೇ ಚೆನ್ನಾಗಿತ್ತು.

ಸ್ಪರ್ಧೆಯಲ್ಲಿ ಏನೂ ಬರಲಿಲ್ಲ. ತೀರ್ಪುಗಾರರಲ್ಲೊಬ್ಬರು ಬೆನ್ನಿನ ಹೊಳಪನ್ನು ಬೆರಳಿಂದ ಸವರಿ, "ಇದು ಗೋಡೆಯದೇ?" ಎಂದು ಕೇಳಿದರು. ಹೌದೆಂದೆ. ಏನೋ ಬರೆದುಕೊಂಡರು. ತುಕ್ಕಿನ ಕೆಳಗಿನ ಗುಳ್ಳೆಯನ್ನೂ ಕಂಡುಹಿಡಿದರು.

ಮರುದಿನ

ಹಾನಿಯ ಲೆಕ್ಕ. ಬಲಗಡೆಯ ತೊಡೆಫಲಕದ ಪಟ್ಟಿ ಕಿತ್ತಿದೆ. ಕಂಕುಳ ಬಳಿ ಬಣ್ಣ ಎದ್ದಿದೆ, ಪ್ರೈಮರ್‌ಗೆ ಮೊದಲು ಅಲ್ಲಿ ಸರಿಯಾಗಿ ಬಿಸಿಗಾಳಿ ಹಿಡಿದಿರಲಿಲ್ಲ. ಶಿರಸ್ತ್ರಾಣದ ಒಳಪದರವನ್ನು ಬಿಚ್ಚಿ ಒಗೆಯಲು ಹಾಕಿದ್ದೇನೆ. ಅದರ ವಾಸನೆಯ ಬಗ್ಗೆ ಬರೆಯುವುದಿಲ್ಲ. ಈಟಿ ಬಾಗಿಲ ಹಿಂದೆ ನಿಂತಿದೆ. ಎಡಬೂಟಿನ ಅಟ್ಟೆ ಹೊಲಿಗೆ ಬಿಟ್ಟಿದೆ, ಬೆಳಿಗ್ಗೆ ಅಂಗಳ ತೊಳೆಯುವಾಗ ಹಾಕಿಕೊಂಡು ನೋಡಿದೆ. ನೀರು ಹೋಗುತ್ತಿದೆ.