ಬೆರಳ ತುದಿಯ ರಕ್ತ

ಸಂಜೆ ರಾಮ್ ಅಂಡ್ ಕೋ ಸರ್ಕಲ್ ಹತ್ರ ಮಂಡಕ್ಕಿ ಮಿರ್ಚಿ ತಿಂತಾ ಮೊಬೈಲಲ್ಲಿ ಯುರೋಪಿನ ಬೋಸ್ನಿಯಾ ದೇಶದ ಬಗ್ಗೆ ಓದ್ತಿದ್ದೆ. 1995ರಲ್ಲಿ ಅಲ್ಲಿನ ಯುದ್ಧದಾಗ ಸ್ರೆಬ್ರೆನಿಕಾ ಅನ್ನೋ ಊರಲ್ಲಿ ಸರ್ಬ್ ಸೈನಿಕರು ಸುಮಾರು 8,000 ಗಂಡಸರು, ಹುಡುಗರನ್ನ ಕೊಂದು ಹೂತರು. ಆಮೇಲೆ ಗುರುತು ಸಿಗಬಾರದು ಅಂತ ಯಂತ್ರ ತಂದು ಅಗೆದು ಬೇರೆ ಬೇರೆ ಕಡೆ ಸುರಿದರು. ಹಂಗಾಗಿ ಒಬ್ಬನದೇ ಮೂಳೆ ಎರಡು ಮೂರು ಗುಂಡೀಲಿ! ಅಲ್ಲಿನ ಸರ್ಕಾರ ಕಾಣೆಯಾದವರಿಗಂತಲೇ 2005ರಲ್ಲಿ ಒಂದು ಸಂಸ್ಥೆ ಮಾಡಿತು. ಮನೆಯವರ ಬೆರಳಿಂದ ಒಂದೆರಡು ಹನಿ ರಕ್ತ ತಗೊಂಡು, ಮೂಳೆಯ ಡಿಎನ್‌ಎಗೆ ತಾಳೆ ನೋಡಿ ಹೆಸರು ಹುಡುಕ್ತಾರೆ. ಗುರುತು ಸಿಕ್ಕವರನ್ನ ಪ್ರತಿ ಜುಲೈ 11ಕ್ಕೆ ಮಣ್ಣು ಮಾಡ್ತಾರೆ. ಇನ್ನೊಂದಿಷ್ಟು ಮೂಳೆ ಸಿಗಲಿ ಅಂತ ಕಾಯೋ ತಾಯಂದಿರೂ ಇದ್ದಾರೆ.

ಇಷ್ಟು ವರ್ಷ ಆದಮೇಲೂ ಹುಡುಕ್ತಾನೇ ಇದ್ದಾರಲ್ಲ, ಅದೇ ದೊಡ್ಡದು ಅನ್ನಿಸ್ತು. (ನಮ್ಮಲ್ಲಿ ಪಹಣಿ ತಿದ್ದಿಸೋಕೇ ಎಷ್ಟು ಅಲೀಬೇಕು, ಬಿಡಿ.)

ನಮ್ಮ ಓಣಿ ಕೊನೆಮನೆ ಅಜ್ಜಿ ನೆನಪಾಯ್ತು. ಮಗ ಬೊಂಬಾಯಿಗೆ ದುಡಿಯೋಕೆ ಹೋದವನು. ಅಲ್ಲಿ ಯುದ್ಧ ಇರಲಿಲ್ಲ, ಏನಿಲ್ಲ, ಸುಮ್ನೆ ಬರಲಿಲ್ಲ. ಮಾಲಯ ಅಮಾಸೆಗೆ ಹಿರಿಯರಿಗೆ ಎಡೆ ಇಡುವಾಗ ಅವನ ಹೆಸರು ಹೇಳೋಕೆ ಅಜ್ಜಿ ಬಿಡಲ್ಲ. ‘ಅವನಿಗ್ಯಾಕಪ್ಪಾ ಎಡೆ? ಬಂದು ಉಣ್ತಾನೆ’ ಅನ್ನುತ್ತೆ. ಅಡುಗೆಮನೇಲಿ ಒಂದು ತಟ್ಟೆ ಮುಚ್ಚಿಟ್ಟಿರುತ್ತೆ, ಎರಡು ಹೋಳಿಗೆ, ಮೇಲೊಂದಿಷ್ಟು ತುಪ್ಪ.