ಬಿದಿರಿನ ನಡುವೆ ಒಂದು ಹಕ್ಕಿ

ನಿನ್ನೆ ರಾತ್ರಿ ಮೊಬೈಲಿನಲ್ಲಿ ಫಿಲಿಪೀನ್ಸಿನ ಟಿನಿಕ್ಲಿಂಗ್ ನೃತ್ಯ ನೋಡಿದೆ. ಮತ್ತೆ ಮತ್ತೆ ನೋಡಿದೆ. ಇಬ್ಬರು ನೆಲದ ಬಳಿ ಕುಳಿತು ಎರಡು ಉದ್ದನೆಯ ಬಿದಿರು ಗಳಗಳನ್ನು ಹಿಡಿದಿರುತ್ತಾರೆ. ಎರಡು ಸಲ ಕೆಳಗೆ ಬಡಿದು, ಮೂರನೆಯದಕ್ಕೆ ಗಳಗಳನ್ನೇ ಒಂದಕ್ಕೊಂದು ತಾಗಿಸುತ್ತಾರೆ. ಆ ಕ್ಷಣದೊಳಗೆ ನಡುವೆ ಕುಣಿಯುವವರ ಬರಿಗಾಲು ಹೊರಗೆ ಹಾರಿರಬೇಕು, ಇಲ್ಲವಾದರೆ ಕಣಕಾಲಿಗೇ ಪೆಟ್ಟು.

ಈ ನೃತ್ಯಕ್ಕೆ ಹೆಸರು ಕೊಟ್ಟ ಟಿಕ್ಲಿಂಗ್ ಎಂದರೆ ನೀರುಕೋಳಿಯ ಬಳಗದ ಉದ್ದ ಕಾಲಿನ ಹಕ್ಕಿ. ಭತ್ತದ ಗದ್ದೆಗೆ ಇಳಿಯುವ ಈ ಹಕ್ಕಿಗೆ ಲೇಟೆ ದ್ವೀಪದ ರೈತರು ಬಿದಿರಿನ ಬಲೆ ಒಡ್ಡುತ್ತಿದ್ದರಂತೆ. ಅದು ನಾಜೂಕಾಗಿ ಕಾಲೆತ್ತಿ ತಪ್ಪಿಸಿಕೊಳ್ಳುತ್ತಿತ್ತಂತೆ. ಬೆಳೆ ತಿನ್ನಲು ಬಂದ ಹಕ್ಕಿಯ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಅದರ ನಡಿಗೆಯೇ ಜನರ ನೆನಪಿನಲ್ಲಿ ಉಳಿಯಿತಲ್ಲ, ಅದು ನನ್ನ ಮನಸ್ಸನ್ನು ಬಹಳ ತಟ್ಟಿತು.

ಅದೇ ದೇಶದ ಬೇರೆ ಕುಣಿತಗಳೂ ಹೀಗೆಯೇ. ಸುರಿಗಾವ್‌ನ ಇಟಿಕ್-ಇಟಿಕ್‌ನಲ್ಲಿ ಬಾತುಕೋಳಿಯ ಓಲಾಟವಿದೆ. ಲಗುನಾ ಪ್ರಾಂತ್ಯದ ಮಗ್ಲಲಾತಿಕ್‌ನಲ್ಲಿ ಗಂಡಸರು ಎದೆ, ಬೆನ್ನು, ತೊಡೆಗಳಿಗೆ ತೆಂಗಿನ ಕರಟ ಕಟ್ಟಿಕೊಂಡು ಬಡಿಯುತ್ತಾರೆ. ಹೊಲ, ಕೆರೆ, ತೋಟದಲ್ಲಿ ದಿನವೂ ಕಣ್ಣಿಗೆ ಬೀಳುವುದೇ ಕುಣಿತವಾಗಿದೆ.

ಈ ಹೆಜ್ಜೆಗಳನ್ನೆಲ್ಲ ಊರೂರು ಅಲೆದು ಬರೆದಿಟ್ಟವರು ಫ್ರಾನ್ಸಿಸ್ಕಾ ರೇಯೆಸ್ ಅಕಿನೊ. 1920ರ ದಶಕದಲ್ಲೇ ಕೆಲಸ ಆರಂಭಿಸಿದ ಅವರಿಗೆ 1973ರಲ್ಲಿ ಆ ದೇಶದ ರಾಷ್ಟ್ರೀಯ ಕಲಾವಿದೆ ಗೌರವ ಸಿಕ್ಕಿತು. ಹಳ್ಳಿಯ ಹಿರಿಯರ ಕಾಲುಗಳನ್ನು ದಿಟ್ಟಿಸುತ್ತ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ ಆ ತರುಣಿಯನ್ನು ಊಹಿಸಿಕೊಳ್ಳುತ್ತಲೇ ಬೆಳಗಾಯಿತು. ಕಿವಿಯಲ್ಲಿ ಇನ್ನೂ ಬಿದಿರಿನ ಸದ್ದಿದೆ.